ತಗಡಿನ ಹೊಂಬಾಳೆ

ನಾನು ಸುತ್ತಿಗೆ ಕೈಗೆ ತಗೊಂಡರೆ ಸಾಕು, ಎಡವಟ್ಟು ಎಲ್ಲಿದ್ದರೂ ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬರುತ್ತದೆ. ಬೇರೆಯವರು ಸುತ್ತಿಗೆ ಹಿಡಿದರೆ ಹೆಚ್ಚೆಂದರೆ ಹೆಬ್ಬೆರಳು ಜಜ್ಜಿಕೊಳ್ಳುತ್ತಾರೆ. ನಾನು ಹಿಡಿದರೆ ಬೀದಿಗೆ ಬೀದಿಯೇ ಮಾತು ಬಿಡುತ್ತದೆ.

ಓದುತ್ತಿದ್ದದ್ದು ಡಿಸೈನ್. ಇದನ್ನು ನಮ್ಮೂರಿನಲ್ಲಿ ವಿವರಿಸುವುದು ಕಷ್ಟ. "ಮಗಳು ಏನ್ ಓದ್ತಾವಳೆ?" ಅಂತ ಯಾರಾದರೂ ಕೇಳಿದರೆ ಅಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು, "ಅದೇನೋ ಡಿಜೈನು" ಅನ್ನುತ್ತಿದ್ದರು. ಕೇಳಿದವರು ಸಮಾಧಾನವಾಗಿ, "ಬುಡಪ್ಪ, ಬ್ಲೌಸ್ ಹೊಲಿದ್ರೂ ಜೀವನ ಆಯ್ತದೆ" ಅಂದು ಹೋಗುತ್ತಿದ್ದರು. ನನ್ನ ಪಾಲಿಗೆ ಬಂದಿದ್ದು ಬ್ಲೌಸಲ್ಲ, ಲೋಹ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಲೋಹದಲ್ಲಿ ಅಲಂಕಾರದ ವಸ್ತುಗಳನ್ನು ಮಾಡಬೇಕು. ಹುಟ್ಟಿದಾಗಿನಿಂದ ತೆಂಗಿನ ಮರ ಬಿಟ್ಟು ಬೇರೇನೂ ನೋಡದವಳು ನಾನು. ಹಾಗಾಗಿ ತಗಡಿನಲ್ಲಿ ಹೊಂಬಾಳೆ ಉಬ್ಬಿಸುತ್ತೇನೆ ಅಂತ ಹೊರಟೆ.

ಹಿಂದಿನ ವರ್ಷವೂ ಇದನ್ನೇ ಮಾಡಿದ್ದೆ. ಆಗ ಪರೀಕ್ಷೆ ಮಾಡಲು ಹೊರಗಿನಿಂದ ಬಂದಿದ್ದ ಸರ್ ಕನ್ನಡಕ ಮೇಲೇರಿಸಿ, "ನೋಡೋಕೆ ಪರವಾಗಿಲ್ಲ. ಆದರೆ ಇದರಿಂದ ಯಾರಿಗೇನು ಉಪಯೋಗ?" ಅಂದರು. ನಾನು ಬಾಯಿ ತೆರೆದೆ, ಮುಚ್ಚಿದೆ, ಫೇಲಾದೆ. ಮನೆಗೆ ಬಂದಾಗ ಅಪ್ಪ ಬೈಯಲಿಲ್ಲ. "ಇನ್ನೊಂದ್ ಕಿತ ನೋಡು ಮಗಾ. ಆಗಲಿಲ್ವಾ, ವಾಪಸ್ ಬಂದ್ಬುಡು. ನಿಮ್ಮ ಮಾವನ ಮಂಡೀಲಿ ಕೊಬ್ಬರಿ ಆರ್ಸೋಕೆ ಜನ ಸಿಗ್ತಿಲ್ವಂತೆ" ಅಂದರು ಅಷ್ಟೇ. ಕೊಬ್ಬರಿ ಆರಿಸುವುದು ಕೀಳು ಕೆಲಸವೇನಲ್ಲ, ನಮ್ಮ ಅನ್ನ ಬಂದಿದ್ದೇ ಅದರಿಂದ. ಆದರೆ ಮಾವ ಇಡೀ ದಿನ ಎದುರಿಗೆ ಕೂತು ತಮ್ಮ ಗ್ಯಾಸ್ ಟ್ರಬಲ್ ಬಗ್ಗೆ ಮಾತಾಡುತ್ತಾರೆ. ಅದನ್ನು ನೆನೆಸಿಕೊಂಡೇ ನನಗೆ ನಿಜವಾಗಿ ಭಯವಾಯಿತು. ಹಾಸ್ಟೆಲಿನಲ್ಲಿ ಸುತ್ತಿಗೆ ಸದ್ದು ಮಾಡಲು ಬಿಡುವುದಿಲ್ಲ ಅಂತ ಊರಿಗೆ ಬಂದು ಹಿತ್ತಲ ಜಗಲಿಯಲ್ಲಿ ಕಾರ್ಖಾನೆ ತೆರೆದೆ.

ಬೆಲ್ಲ ನೀರು

ತಗಡನ್ನು ಬರೀ ನೆಲದ ಮೇಲಿಟ್ಟು ಬಡಿದರೆ ಹರಿದುಹೋಗುತ್ತದೆ. ಅಡಿಯಲ್ಲಿ ಸ್ವಲ್ಪ ಮೆತ್ತಗಿನ ಹಾಸು ಬೇಕು. ರಾಳ, ಇಟ್ಟಿಗೆ ಪುಡಿ, ಒಂಚೂರು ಎಣ್ಣೆ ಸೇರಿಸಿ ಕಾಯಿಸಿದರೆ ಅಂಥದೊಂದು ಅರಗು ಆಗುತ್ತದೆ. ತಗಡನ್ನು ಅದರ ಮೇಲೆ ಅಂಟಿಸಿ ಹಿಂಬದಿಯಿಂದ ಬಡಿದರೆ ಮುಂದೆ ಚಿತ್ರ ಉಬ್ಬುತ್ತದೆ. ಅಮ್ಮ ಹಸುವಿಗೆ ಬೂಸಾ ಕಲಸುತ್ತಿದ್ದ ಸಮಯ ನೋಡಿ ಅಡುಗೆಮನೆಯಲ್ಲೇ ಕಾಯಿಸಿದೆ. ಮಿಕ್ಕಿದ್ದನ್ನು ತಣ್ಣಗಾದ ಮೇಲೆ ಒಡೆದು ಒಂದು ಡಬ್ಬಿಗೆ ತುಂಬಿ, ಎಲ್ಲಿಡಬೇಕು ಅಂತ ತೋಚದೆ ಅಲ್ಲೇ ಗೂಡಿನಲ್ಲಿಟ್ಟೆ.

ಅವತ್ತೇ ಕೊಬ್ಬರಿ ವ್ಯಾಪಾರಿ ಬರಬೇಕೇ! ವರ್ಷದಿಂದ ಅಟ್ಟದ ಮೇಲೆ ಒಣಗಿದ ಕೊಬ್ಬರಿಯನ್ನು ಕೇಳಲು ಬರುವವರು ಅಂದರೆ ನಮ್ಮ ಕಡೆ ನೆಂಟರಿಗಿಂತ ಹೆಚ್ಚು. ಅವರು ಪಡಸಾಲೆಯಲ್ಲಿ ಕೂತಿದ್ದೇ ತಡ ಅಜ್ಜಿ ಎದ್ದರು. ಮನೆಗೆ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡಿಸುವ ಪದ್ಧತಿ ಅಜ್ಜಿಗಿಲ್ಲ. ಅಜ್ಜಿಯ ಕಣ್ಣಿಗೆ ಪೊರೆ ಬಂದಿದೆ, ನನ್ನ ಅರಗಿಗೆ ಒಳ್ಳೇ ಕಂದು ಬಣ್ಣ ಬಂದಿತ್ತು. ತಟ್ಟೆಯಲ್ಲಿ ನಾಲ್ಕು ಚೂರು, ಚೊಂಬಿನಲ್ಲಿ ನೀರು.

ವ್ಯಾಪಾರಿ ತಾಳ್ಮೆಯ ಮನುಷ್ಯ. ದೊಡ್ಡ ಚೂರನ್ನೇ ಬಾಯಿಗೆ ಹಾಕಿಕೊಂಡರು. ಅರಗು ಗಟ್ಟಿಯಾಗಿದ್ದಾಗ ಕಲ್ಲು, ಬಿಸಿ ತಗುಲಿದರೆ ಅಂಟು. ಬಾಯಿಯ ಬಿಸಿಗೆ ಅದು ಮೇಲಿನ ಹಲ್ಲಿನ ಸೆಟ್ಟನ್ನೂ ಕೆಳಗಿನ ಸೆಟ್ಟನ್ನೂ ಸೇರಿಸಿ ಹಿಡಿದುಕೊಂಡಿತು. ದೊಡ್ಡವರು ಕೊಟ್ಟ ಬೆಲ್ಲವನ್ನು ಉಗಿಯುವುದು ಹೇಗೆ ಅಂತ ಅವರು ಸುಮ್ಮನೆ ಕೂತರು.

ಅಪ್ಪನಿಗೆ ಇದೇನೂ ಗೊತ್ತಿಲ್ಲ. ತಾವು ಅಂದುಕೊಂಡಿದ್ದ ರೇಟು ಹೇಳಿದರು. ವ್ಯಾಪಾರಿ "ಉಂ" ಅಂದರು. ಅಪ್ಪನಿಗೇ ಆಶ್ಚರ್ಯವಾಗಿ, "ಸಾಗಾಣಿಕೆನೂ ನಿಮ್ದೇ ಅಲ್ವಾ?" ಅಂದರು. ಅದಕ್ಕೂ "ಉಂ". "ಸಣ್ಣ ಕೊಬ್ಬರಿ ಬ್ಯಾರೆ ಮಾಡಂಗಿಲ್ಲ, ಎಲ್ಲಾ ಒಂದೇ ರೇಟು." ವ್ಯಾಪಾರಿಯ ಕಣ್ಣಿನಲ್ಲಿ ನೀರು ಬಂತು, ಆದರೂ "ಉಂ".

ಅಷ್ಟರಲ್ಲಿ ನಾನು ಒಳಗಿನಿಂದ ತಟ್ಟೆ ನೋಡಿ ಕಿರುಚಿಕೊಂಡು ಬಂದೆ. ಅರಗು ಬಿಡಲು ಎಣ್ಣೆಯೇ ಆಗಬೇಕು. ಪಾಪ, ವ್ಯಾಪಾರಿ ನಮ್ಮ ಅಂಗಳದ ಮೂಲೆಯಲ್ಲಿ ನಿಂತು ನಮ್ಮದೇ ತೋಟದ ಕೊಬ್ಬರಿ ಎಣ್ಣೆಯಲ್ಲಿ ಬಾಯಿ ಮುಕ್ಕಳಿಸಿದರು. ಬಾಯಿ ಬಿಟ್ಟುಕೊಂಡ ಮೇಲೆ ಅವರು ಹೇಳಿದ ಮೊದಲ ಮಾತು, "ಅಜ್ಜಮ್ಮ, ಬೆಲ್ಲ ಒಂಚೂರು ಹಳೇದು ಅನ್ಸುತ್ತೆ." ಒಪ್ಪಿದ ಮಾತನ್ನು ಹಿಂದಕ್ಕೆ ತಗೊಳ್ಳುವ ಜನವಲ್ಲ ಅವರು, ಹಾಗೇ ಎದ್ದು ಹೋದರು.

ನನಗೆ ಬೈಗುಳ ಗ್ಯಾರಂಟಿ ಅಂದುಕೊಂಡು ಕಂಬದ ಹಿಂದೆ ನಿಂತಿದ್ದೆ. ಅಪ್ಪ ಡಬ್ಬಿಯ ಮುಚ್ಚಳ ಭದ್ರವಾಗಿ ಹಾಕಿ ಅಜ್ಜಿಯ ಕೈಗೆ ಕೊಟ್ಟರು. "ಅವ್ವಾ, ಇದ್ನ ಜೋಪಾನವಾಗಿ ಎತ್ತಿಡು. ಮುಂದಿನ ವರ್ಷಕ್ಕೂ ಬೇಕಾಯ್ತದೆ."

ಎಲ್ಲರ ಪಾತ್ರೆ

ಹಿತ್ತಲಿನಿಂದ ಟಕ್ ಟಕ್ ಸದ್ದು ಕೇಳಿದ ಬೀದಿಯ ಹೆಂಗಸರು ನಾನು ಪಾತ್ರೆಗೆ ಹೆಸರು ಹಾಕುವ ಅಂಗಡಿ ಇಟ್ಟಿದ್ದೇನೆ ಅಂದುಕೊಂಡರು. ಮೊದಲು ಬಂದವರು ಎದುರುಮನೆ ದೊಡ್ಡಮ್ಮ, ಸೊಂಟದ ಮೇಲೆ ಹೊಸ ಸ್ಟೀಲ್ ಬೋಸಿ. ಬೋಸಿ ಅಂದರೆ ಪಾಯಸ ಮಾಡುವ ಅಗಲ ಬಾಯಿಯ ಪಾತ್ರೆ.

"ನಮ್ಮ ಯಜಮಾನ್ರ ಹೆಸ್ರು ಹಾಕ್ಕೊಡವ್ವ. ಯಾರ್ದಾದ್ರೂ ಮನೆ ಕಾರ್ಯಕ್ಕೆ ಕೊಟ್ರೆ ವಾಪಸ್ ಬರ್ಬೇಕಲ್ಲ."

ಇಲ್ಲಿ ನನ್ನ ವಿದ್ಯೆ ತಲೆಗೇರಿತು. ಚೊಕ್ಕವಾಗಿರುವ ಪಾತ್ರೆಯ ಕತ್ತಿನ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುವುದು ಸೌಂದರ್ಯಕ್ಕೆ ಮಾಡುವ ಅಪಚಾರ ಅಂತ ಸಣ್ಣ ಭಾಷಣ ಮಾಡಿದೆ. "ಹೆಸರು ಯಾಕೆ ದೊಡ್ಡಮ್ಮ? ಚೆಂದದ್ದೊಂದು ಗುರುತು ಹಾಕಿಕೊಡ್ತೀನಿ. ನೋಡಿದ ತಕ್ಷಣ ನಿಮ್ಮದು ಅಂತ ಗೊತ್ತಾಗಬೇಕು" ಅಂದು ಪುಟ್ಟ ಹೊಂಬಾಳೆ ಬಿಡಿಸಿದೆ. ನಿಜಕ್ಕೂ ಚೆನ್ನಾಗಿ ಬಂದಿತ್ತು. ದೊಡ್ಡಮ್ಮ ಅದನ್ನು ಬೀದಿಗೆಲ್ಲ ತೋರಿಸಿದರು. ಮಾರನೇ ದಿನದಿಂದ ಹೆಂಗಸರು ಬೋಸಿ, ತಪ್ಪಲೆ, ಕೊಳಗ ಹಿಡಿದು ಸಾಲುಗಟ್ಟಿದರು. "ನಮಗೂ ಅಂಥದ್ದೇ ಹಾಕ್ಕೊಡು ಕಣೇ." ನಾನೂ ಹಿಗ್ಗಿ ಹೀರೇಕಾಯಿಯಾಗಿ ಎಲ್ಲದಕ್ಕೂ ಅಂಥದ್ದೇ ಹಾಕಿಕೊಟ್ಟೆ.

ಆ ತಿಂಗಳು ಬೀದಿಯ ಕೊನೆಯ ಮನೆಯಲ್ಲಿ ಗೃಹಪ್ರವೇಶ. ಎಲ್ಲರ ಮನೆಯ ಪಾತ್ರೆಗಳೂ ಹೋದವು. ಊಟ ಚೆನ್ನಾಗಿತ್ತು. ಪಾತ್ರೆ ತೊಳೆದು ಬೋರಲು ಹಾಕಿ, ವಾಪಸ್ ತಗೊಂಡು ಹೋಗಿ ಅಂತ ಕರೆದಾಗ ಶುರುವಾಯಿತು ನೋಡಿ. ಯಾವ ಪಾತ್ರೆ ಎತ್ತಿದರೂ ನನ್ನ ಹೊಂಬಾಳೆ. ಒಬ್ಬರು ಎತ್ತಿಕೊಂಡ ಬೋಸಿಯನ್ನು ಇನ್ನೊಬ್ಬರು ಹಿಡಿದೆಳೆದರು.

"ಇದು ನಮ್ದು, ಹೂ ಐತೆ ನೋಡು."

"ನನ್ನ ತಾವ ಇರೋದ್ರಲ್ಲೂ ಹೂ ಐತೆ ಕಣೇ!"

ವಿಚಿತ್ರ ಏನು ಗೊತ್ತೇ? ಸಣ್ಣ ತಪ್ಪಲೆ ನಮ್ಮದು ಅಂತ ಒಬ್ಬರೂ ಹೇಳಲಿಲ್ಲ. ಎಲ್ಲರ ಮನೆಯದೂ ದೊಡ್ಡ ಬೋಸಿಯೇ ಆಗಿತ್ತು. ಎದುರುಮನೆ ದೊಡ್ಡಮ್ಮ ಹೊಸ ಬೋಸಿ ಕೊಟ್ಟು ಅಡಿ ಸೀದ ಬೋಸಿ ಹೊತ್ತು ಮನೆಗೆ ಹೋದರು. ಅವರ ಯಜಮಾನರು, ಅಂದರೆ ಎದುರುಮನೆ ದೊಡ್ಡಪ್ಪ, ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟರು. ಅವರ ತೋಟ ನಮ್ಮ ತೋಟದ ಬೇಲಿಗೇ ಅಂಟಿಕೊಂಡಿದೆ. ದಿನಾ ಎದುರಿಗೆ ಸಿಕ್ಕಿದರೂ ಮುಖ ಮರದ ಕಡೆ ತಿರುಗಿಸಿಕೊಂಡು ಹೋಗುತ್ತಿದ್ದರು.

ಅಮ್ಮನಿಗೆ ಮಾತ್ರ ಏನೂ ತೊಂದರೆ ಆಗಲಿಲ್ಲ. ನಮ್ಮ ಮನೆಯ ಪಾತ್ರೆಗಳೆಲ್ಲ ಸರಿಯಾಗಿ ವಾಪಸ್ ಬಂದಿದ್ದವು. ಹೇಗೆ ಅಂದರೆ, ತಿಪಟೂರಿನ ಪಾತ್ರೆ ಅಂಗಡಿಯಲ್ಲಿ ಅಪ್ಪನ ಹೆಸರು ಹಾಕಿಸಿಕೊಂಡು ಬಂದಿದ್ದರು.

ಅಮ್ಮನವರು ಬಂದರು

ಹೊಂಬಾಳೆಯ ಜೊತೆಗೆ ಒಂದು ಮುಖವನ್ನೂ ಮಾಡಬೇಕಾಗಿತ್ತು. ಪ್ರತಿಯೊಬ್ಬರೂ ತಮ್ಮ ಮುಖವನ್ನೇ ಲೋಹದಲ್ಲಿ ಉಬ್ಬಿಸಬೇಕು ಅಂತ ನಮ್ಮ ಗೈಡ್ ಮೇಡಂ ಹೇಳಿದ್ದರು. ಕನ್ನಡಿ ಮುಂದಿಟ್ಟುಕೊಂಡು ಹಿತ್ತಾಳೆ ತಗಡಿನಲ್ಲಿ ನನ್ನನ್ನು ನಾನೇ ಬಡಿದೆ. ಮೂಗು ಒಂದು ಏಟು ಜಾಸ್ತಿಯಾಯಿತು. ಅದಕ್ಕೆ ಸರಿಯಾಗಲಿ ಅಂತ ಕಣ್ಣು ದೊಡ್ಡದು ಮಾಡಿದೆ. ಕಣ್ಣಿಗೆ ಸರಿಯಾಗಲಿ ಅಂತ ಬಾಯಿ ಅಗಲ ಮಾಡಿದೆ. ಬಾಯಿ ಸ್ವಲ್ಪ ಬಿರುಕು ಬಿಟ್ಟಿತು.

ಅದನ್ನು ತಿಪಟೂರಿಗೆ ಒಯ್ದು ಪಾಲಿಶ್ ಮಾಡಿಸಿಕೊಂಡು ಹುಳಿಯಾರು ಕಡೆಯ ಬಸ್ ಹತ್ತಿದೆ. ಸಂತೆಯ ದಿನ, ಕಾಲಿಡಲು ಜಾಗವಿಲ್ಲ. ಸುತ್ತಿದ್ದ ಪೇಪರ್ ತಳ್ಳಾಟದಲ್ಲಿ ಹರಿದುಹೋಗಿ ಮುಖ ಫಳಫಳ ಹೊಳೆಯಿತು. ಕೈ ಸೋತು ಅದನ್ನು ಕಾಲ ಹತ್ತಿರ ಇಡಲು ಬಗ್ಗಿದೆ.

"ಅಯ್ಯಯ್ಯೋ! ಕಾಲತ್ರ ಮಡಗ್ತೀಯಲ್ಲೇ!" ಕಿಟಕಿ ಪಕ್ಕ ಕೂತಿದ್ದ ಕೆಂಕೆರೆಯ ಅಜ್ಜಿಯೊಬ್ಬರು ಚೀರಿದರು. ಮೂರು ಜನರ ಸೀಟಿನಲ್ಲಿ ಕೂತಿದ್ದ ಗಂಡಸರಿಬ್ಬರು ತಾವಾಗಿಯೇ ಎದ್ದು ನಿಂತರು. ನಾನು ಕೂತೆ, ಮುಖವೂ ಪಕ್ಕದಲ್ಲಿ ಕೂತಿತು. ಆ ಅಜ್ಜಿ ತಲೆಯಲ್ಲಿದ್ದ ಕನಕಾಂಬರ ತೆಗೆದು ಅದರ ಮೇಲಿಟ್ಟು ಕಣ್ಣಿಗೊತ್ತಿಕೊಂಡರು.

ಸೀಟು ಸಿಕ್ಕಿದ್ದಕ್ಕೆ ಸುಮ್ಮನಿರಬಹುದಿತ್ತು. ಆದರೆ ಕಂಡಕ್ಟರ್ ಕೈ ಮುಗಿದು, "ಹೆಂಗಸ್ರಿಗೆ ಫ್ರೀ, ಅಮ್ಮನೋರ್ಗೂ ಫ್ರೀನೇ ಬುಡಿ" ಅಂದು ಮುಂದೆ ಹೋದಾಗ ನನಗೆ ಪಾಪಪ್ರಜ್ಞೆ ಕಾಡಿತು.

"ಅಜ್ಜಿ, ಇದು ಅಮ್ಮನವರಲ್ಲ" ಅಂದೆ ಮೆಲ್ಲಗೆ. "ಇದು ನಾನು. ನನ್ನ ಮುಖವನ್ನೇ ನಾನು ಮಾಡಿದ್ದು."

ಅಜ್ಜಿ ತಗಡನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ತಗಡನ್ನು ನೋಡಿದರು. ಆಮೇಲೆ ಇನ್ನೂ ಗಾಬರಿಯಾಗಿ, ಚೀಲದಲ್ಲಿದ್ದ ನಿಂಬೆಹಣ್ಣು ತೆಗೆದು ಈ ಸಲ ನನ್ನ ಕೈಗೆ ಕೊಟ್ಟರು. "ಮೈಮ್ಯಾಲೆ ಬತ್ತದಾ ತಾಯಿ? ಶಾಂತವಾಗು. ಬಾಳ ಉಗ್ರ ಐತೆ ಮುಖ."

ಉಪಯೋಗ

ಆ ನಿಂಬೆಹಣ್ಣು ಹಿಡಿದುಕೊಂಡೇ ಮನೆಗೆ ಬಂದೆ. ಬಂದವಳೇ ನಿಜವಾಗಿಯೂ ಉಗ್ರಳಾದೆ. ಜಗಲಿಯಲ್ಲಿ ಒರಗಿಸಿಟ್ಟಿದ್ದ ತಗಡುಗಳು ಇರಲಿಲ್ಲ.

ಪ್ರಾಜೆಕ್ಟಿನ ಮುಖ್ಯ ಕೆಲಸವೇ ಅದು. ಹಿತ್ತಾಳೆ ಕೊಳ್ಳುವ ಶಕ್ತಿ ಇಲ್ಲದೆ ಅಲ್ಯೂಮಿನಿಯಂ ತಗಡಿನಲ್ಲಿ ಮಾಡಿದ ಉದ್ದನೆಯ ನಾಲ್ಕು ಪಟ್ಟಿಗಳು. ಅವುಗಳ ತುಂಬ ಬಿರಿಯುತ್ತಿರುವ ಹೊಂಬಾಳೆ, ಎಳೆ ಎಳೆಯಾದ ಹೂಗೊಂಚಲು. ಬೆರಳಿಗೆ ಬೊಬ್ಬೆ ಬಂದು, ಬೊಬ್ಬೆ ಒಡೆದು, ಮತ್ತೆ ಬಂದು ಮಾಡಿದ ಕೆಲಸ. ಪರೀಕ್ಷೆ ಹತ್ತಿರದಲ್ಲೇ ಇತ್ತು.

"ಅಪ್ಪಾ, ನನ್ನ ತಗಡೆಲ್ಲಿ?"

ಅಪ್ಪ ಹೆಮ್ಮೆಯಿಂದ ತೋಟದ ಕಡೆ ಕೈ ತೋರಿಸಿದರು. ನಮ್ಮ ಕಡೆ ತೆಂಗಿನ ಮರಕ್ಕೆ ಇಲಿ, ಅಳಿಲು ಹತ್ತಿ ಎಳನೀರು ತೂತು ಮಾಡುತ್ತವೆ. ಹತ್ತದಿರಲಿ ಅಂತ ಮರದ ನಡುವಿಗೆ ತಗಡು ಸುತ್ತುತ್ತಾರೆ, ಕಾಲು ಜಾರಿ ವಾಪಸ್ ಹೋಗುತ್ತವೆ. ಮನೆ ಹಿಂದಿನ ನಾಲ್ಕು ಮರಗಳ ನಡುವಿಗೆ ನನ್ನ ನಾಲ್ಕು ವರ್ಷದ ಓದು ಒಡ್ಯಾಣದಂತೆ ಹೊಳೆಯುತ್ತಿತ್ತು. ಹೂವಿನ ನಟ್ಟನಡುವೆ ಮೊಳೆ.

"ಇಲಿ ಕಾಟಕ್ಕೆ ಅಂತ ನೀನೇ ತಂದಿದ್ದೀಯ ಅನ್ಕೊಂಡೆ ಮಗಾ. ಅಳತೆ ಮಾಡಿಸ್ದಂಗೆ ಸರ್ಯಾಗ್ ಕುಂತ್ಕೊಂಡ್ತು. ನೋಡಾಕೂ ಲಕ್ಷಣವಾಗೈತೆ."

ನಾನು ಮರ ತಬ್ಬಿಕೊಂಡು ಅತ್ತೆ. ಕಿತ್ತರೆ ಹರಿಯುತ್ತದೆ, ಬಿಟ್ಟರೆ ಮಾವನ ಮಂಡಿ. ಅಳುತ್ತಲೇ ಫೋಟೋ ತೆಗೆದು ಮೇಡಂಗೆ ಕಳಿಸಿ, ಹೀಗಾಯಿತು, ಕಾಪಾಡಿ ಅಂತ ಹೇಳಲು ಫೋನ್ ಮಾಡಿದೆ. ಅವರು ನನಗೆ ಬಾಯಿ ತೆರೆಯಲು ಬಿಡಲಿಲ್ಲ.

"ಎಷ್ಟು ಚೆನ್ನಾಗಿ ಯೋಚನೆ ಮಾಡಿದ್ದೀಯಾ! ಅಲಂಕಾರವೂ ಆಯಿತು, ಇಲಿಗೂ ತಡೆಯಾಯಿತು. ಮೊದಲೇ ಯಾಕೆ ಹೇಳಲಿಲ್ಲ?"

ನನ್ನ ಅಳು ಅರ್ಧಕ್ಕೆ ನಿಂತಿತು. "ಸಸ್ಪೆನ್ಸ್ ಇರಲಿ ಅಂತ ಮೇಡಂ" ಅಂದೆ.

"ಹೊರಗಿನ ಸರ್‌ನ ನಾನೇ ಅಲ್ಲಿಗೆ ಕರೆದುಕೊಂಡು ಬರ್ತೀನಿ. ಮರದ ಮೇಲೇ ನೋಡಲಿ."

ಅವರು ಬರುವ ದಿನ ಬೆಳಗ್ಗೆ ಅಪ್ಪನನ್ನು ಕೂರಿಸಿಕೊಂಡು ಪಾಠ ಹೇಳಿದೆ. "ಅವರು ಕೇಳಿದರೆ, ಬಹಳ ಉಪಯೋಗ ಆಗಿದೆ ಅನ್ನಬೇಕು. ಅಷ್ಟೇ. ಅದರ ಮುಂದಕ್ಕೆ ಒಂದಕ್ಷರ ಮಾತಾಡಬಾರದು."

ಅಪ್ಪ ಒಂದು ಗಳಿಗೆ ಯೋಚಿಸಿದರು. "ಉಪಯೋಗ ಆಗೈತೆ ಅನ್ಬೇಕು, ಅಷ್ಟೇ ತಾನೆ? ಅನ್ತೀನಿ ಬುಡು. ಅದೇನ್ ಸುಳ್ಳಲ್ವಲ್ಲ."

ಆ ಮಾತಿನ ಧಾಟಿ ಕೇಳಿಯಾದರೂ ನಾನು ಎಚ್ಚೆತ್ತುಕೊಳ್ಳಬೇಕಾಗಿತ್ತು.

ಕಾರು ಬಂತು. ಮೇಡಂ ಇಳಿದರು, ಹಿಂದಿನಿಂದ ಸರ್ ಇಳಿದರು. ನೋಡಿದರೆ ಹೋದ ವರ್ಷ ನನ್ನನ್ನು ಫೇಲು ಮಾಡಿದವರೇ! ಅಪ್ಪ ಎಳನೀರು ಕೆತ್ತಿಕೊಟ್ಟರು. ಸರ್ ಮರದ ಕೆಳಗೆ ನಿಂತು, ಕನ್ನಡಕ ಮೇಲೇರಿಸಿ, ನನ್ನ ಹೊಂಬಾಳೆಯನ್ನು ನಿಧಾನವಾಗಿ ನೋಡಿದರು. ಬಿಸಿಲು ಬಿದ್ದು ಅದು ನಿಜವಾಗಿ ಬಿರಿದ ಹಾಗೆ ಕಾಣುತ್ತಿತ್ತು. ಅವರ ಮುಖ ಸಡಿಲವಾಯಿತು. ಮೇಡಂ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಪಾಸಾದೆ ಅಂತಲೇ ಅಂದುಕೊಂಡೆ.

"ಯಜಮಾನರೇ, ಇದರಿಂದ ಉಪಯೋಗ ಆಗಿದೆಯಾ?"

"ಬಾಳ ಉಪಯೋಗ ಆಗೈತೆ ಸಾ" ಅಂದ ಅಪ್ಪ ಬಾಯಿಗೆ ಬೀಗ ಹಾಕಿಕೊಂಡರು.

"ಹೌದಾ? ಹೇಗೆ?"

ಅಪ್ಪ ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ. ಅಪ್ಪ ಏನೂ ಮಾತಾಡದೆ, ಸ್ವಲ್ಪ ಇರಿ ಅನ್ನುವ ಹಾಗೆ ಕೈ ಸನ್ನೆ ಮಾಡಿ ಮರದ ಬುಡದ ಕಡೆ ನೋಡುತ್ತ ನಿಂತರು. ಬುಡದಲ್ಲಿ ಒಂದು ಅಳಿಲು ಕಾಣಿಸಿಕೊಂಡಿತು. ಸರಸರ ಹತ್ತಿ ತಗಡಿನ ಅಂಚಿಗೆ ಬಂತು. ನಾನು ಮನಸ್ಸಿನಲ್ಲೇ, ಜಾರು ನನ್ನಪ್ಪ, ಜಾರು ಅಂತ ಬೇಡಿಕೊಂಡೆ. ಅದು ಉಬ್ಬಿದ ಒಂದು ಎಳೆಯ ಮೇಲೆ ಕಾಲಿಟ್ಟಿತು. ಇನ್ನೊಂದು ಕಾಲನ್ನು ಮೇಲಿನ ಹೂವಿನ ಮೇಲಿಟ್ಟಿತು. ಗೊಂಚಲಿನ ನಡುವೆ ಆರಾಮಾಗಿ ನಿಂತು, ಬಾಲ ಕೊಡವಿ, ನಮ್ಮನ್ನೆಲ್ಲ ಒಂದು ಸಲ ನೋಡಿ, ಉಳಿದ ಹೂವುಗಳ ಮೇಲೆ ಹೆಜ್ಜೆಯಿಟ್ಟು ಮೇಲೆ ಹೊರಟುಹೋಯಿತು.

"ಹಂಗೆ ಸಾ" ಅಂದರು ಅಪ್ಪ.

ಅಪ್ಪನಿಗೆ ಇನ್ನು ತಡೆಯಲಾಗಲಿಲ್ಲ. "ಬರೀ ತಗಡಾದ್ರೆ ನುಣ್ಣಗಿರ್ತದೆ ನೋಡಿ, ಪಾಪ ಜಾರಿ ಬೀಳ್ತಿದ್ವು. ನಮ್ಮ ಮಗು ಉಬ್ಬು ಉಬ್ಬಾಗಿ ಮಾಡವ್ಳಲ್ಲ, ಕಾಲ್ ಮಡಗಾಕೆ ಬಾಳ ಅನುಕೂಲ ಆಗೈತೆ. ಇಲಿಗಳೂ ಬತ್ತವೆ ಸಾ. ಕೇಳುದ್ರೆ ಇಷ್ಟೇ ಹೇಳು ಅಂದಿದ್ಲು, ಅದ್ಕೆ ಸುಮ್ಕಿದ್ದೆ."

ನನ್ನ ಕಣ್ಣ ಮುಂದೆ ಮಾವನ ಮಂಡಿ ಬಂದು ನಿಂತಿತು. ಕೊಬ್ಬರಿಯ ರಾಶಿ, ರಾಶಿಯ ಆಚೆ ಮಾವ, ಮಾವನ ಹೊಟ್ಟೆ. ಸರ್ ಎಳನೀರಿನ ಬುರುಡೆಯಲ್ಲಿ ಮುಖ ಮುಚ್ಚಿಕೊಂಡಿದ್ದರು. ಕೋಪ ಬಂದಿದೆ ಅಂದುಕೊಂಡೆ. ಆಮೇಲೆ ನೋಡಿದರೆ ಭುಜ ಅಲ್ಲಾಡುತ್ತಿತ್ತು. ಮೂಗಿನಿಂದ ಎಳನೀರು ಬರುವಷ್ಟು ನಗುತ್ತಿದ್ದರು.

"ಹೋದ ವರ್ಷ ನಾನು ಕೇಳಿದ್ದು ಒಂದೇ ಪ್ರಶ್ನೆ ಕಣಮ್ಮ, ಇದರಿಂದ ಯಾರಿಗೆ ಉಪಯೋಗ ಅಂತ" ಅಂದರು ಕಣ್ಣು ಒರೆಸಿಕೊಳ್ಳುತ್ತ. "ಈ ಸಲ ಉತ್ತರ ನನ್ನ ಕಣ್ಣೆದುರಿಗೇ ಹತ್ತಿಕೊಂಡು ಹೋಯಿತು. ಕೆಲಸವೂ ಚೆನ್ನಾಗಿದೆ. ಪಾಸು ಅಂತ ತಿಳಿದುಕೋ. ಆದರೆ ದಯವಿಟ್ಟು ಮನೆಗೆ ಮೆಟ್ಟಿಲು ಮಾತ್ರ ಮಾಡೋಕೆ ಹೋಗಬೇಡ."

ಕಾರು ತಿರುವಿನಲ್ಲಿ ಮರೆಯಾಗುವ ತನಕ ಕೈ ಬೀಸಿ, ಹಿತ್ತಲ ಜಗಲಿಗೆ ಬಂದು ಕುಸಿದು ಕೂತೆ. ಸಂತೋಷಕ್ಕೋ ನಾಚಿಕೆಗೋ ಗೊತ್ತಿಲ್ಲ, ಮತ್ತೆ ಅಳು ಬಂತು. ಅಷ್ಟರಲ್ಲಿ ತೋಟದ ಬೇಲಿಯ ಆಚೆಯಿಂದ ಯಾರೋ ಕೆಮ್ಮಿದರು. ಎದುರುಮನೆ ದೊಡ್ಡಪ್ಪ! ಬೋಸಿಯ ಜಗಳದ ನಂತರ ಮೊದಲ ಸಲ ಅವರ ಮುಖ ನನ್ನ ಕಡೆಗಿತ್ತು. ಸಾಲದ್ದಕ್ಕೆ ನಗುತ್ತಿತ್ತು.

"ಪಾಸಾದ್ಯಂತೆ ಕಣವ್ವ, ಬಾಳ ಸಂತೋಷ. ನಿನ್ನ ಕೈಗೆ ಇಷ್ಟು ವಿದ್ಯೆ ಐತೆ ಅಂತ ನಾನ್ ತಿಳ್ಕೊಂಡಿರ್ಲಿಲ್ಲ" ಅಂದರು.

ನನಗೆ ಎದೆ ತುಂಬಿ ಬಂತು. "ನಿಮಗೂ ಬೇಕಾ ದೊಡ್ಡಪ್ಪ? ನಿಮ್ಮ ಮರಗಳಿಗೂ ಮಾಡಿಕೊಡ್ಲಾ?" ಅಂದೆ.

ದೊಡ್ಡಪ್ಪ ಗಾಬರಿಯಾಗಿ ಎರಡೂ ಕೈ ಅಲ್ಲಾಡಿಸಿದರು. "ಅಯ್ಯೋ ನಮ್ಗ್ ಬ್ಯಾಡವ್ವ! ನಿಮ್ಮ ಉಳಿದ ಮರಗಳ್ಗೂ ಒಂದೊಂದು ಮಾಡಿ ಸುತ್ತು. ನಮ್ಮ ತೋಟದ ಇಲಿ, ಅಳಿಲು ಎಲ್ಲಾ ಅಲ್ಲಿಗೇ ಬಂದವೆ, ನಮ್ಗೆ ಈಗ ನೆಮ್ಮದಿಯಾಗೈತೆ. ತಗಡು ಎಷ್ಟ್ ಬೇಕಾದ್ರೂ ನಾನೇ ತಂದ್ಕೊಡ್ತೀನಿ."